ಇಂಡಿ ನಿಂಬೆಯ ತಾಯಿ ಫಿಲಿಪ್ಪೀನ್ಸಿನವಳು

ವಿಜಯಪುರದ ನಮ್ಮ ಮನೆ ಹಿತ್ತಲಲ್ಲಿ ಮೋಸಂಬಿಯ ಕಸಿ ಸಸಿ ನೆಟ್ಟಿದ್ದೆ. ಮೊದಲ ಬೇಸಿಗೆಗೇ ಮೇಲ್ಭಾಗ ಒಣಗಿತು. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರು ಬಂತು. ಗಿಡ ಉಳೀತಲ್ಲ ಅಂತ ಖುಷಿಪಟ್ಟೆವು. ನಾಲ್ಕು ವರ್ಷಕ್ಕೆ ಹಣ್ಣು ಬಿಟ್ಟಿತು. ಹಳದಿ ಬಣ್ಣ, ಗಂಟುಗಂಟು ಸಿಪ್ಪೆ, ಹಲ್ಲು ಚಳಿಯುವಷ್ಟು ಹುಳಿ. ಒಬ್ಬರು ಮಣ್ಣಿನ ಗುಣ ಅಂದರು. ಇನ್ನೊಬ್ಬರು ದೃಷ್ಟಿಯಾಗಿದೆ ಅಂದರು. ಇಂಡಿ ಕಡೆಯ ಪಕ್ಕದ ಮನೆ ಕಾಕಾ ಮಾತ್ರ ಎಲೆ ಕಿತ್ತು ಮೂಸಿ, "ಲಿಂಬೀ ಅಲ್ಲ, ಮೋಸಂಬೀನೂ ಅಲ್ಲ ತಮ್ಮಾ, ಇದು ಜಂಬೇರಿ" ಅಂದರು.

ಅವರು ಹೇಳಿದ್ದೇ ಸರಿ. ಮಣ್ಣಿನಿಂದ ಹಣ್ಣಿನ ಗಾತ್ರ, ರಸ ಬದಲಾಗಬಹುದು, ಜಾತಿ ಬದಲಾಗದು. ದೃಷ್ಟಿಯಿಂದ ಏನೂ ಆಗದು. ಓದಿದವರೂ ಹೀಗೆ ಹೇಳಿದಾಗ ಬೇಸರವಾಗುತ್ತದೆ. ಮೋಸಂಬಿಯ ಕಣ್ಣನ್ನು, ಅಂದರೆ ಚಿಗುರುವ ಮೊಗ್ಗನ್ನು, ಸಾಮಾನ್ಯವಾಗಿ ಜಂಬೇರಿ ಗಿಡಕ್ಕೆ ಕಸಿ ಕಟ್ಟುತ್ತಾರೆ. ಮೇಲಿನದು ಸತ್ತಿತ್ತು, ಕೆಳಗಿನದು ಬೆಳೆದಿತ್ತು.

ಆದರೆ ನಾಲ್ಕು ವರ್ಷ ನನಗೇಕೆ ಗೊತ್ತಾಗಲಿಲ್ಲ? ನಿಂಬೆ, ಕಿತ್ತಳೆ, ಮೋಸಂಬಿ ಸೇರಿದ ಈ ಕುಲದ ಗಿಡಗಳೆಲ್ಲ ನೋಡಲು ಅಕ್ಕತಂಗಿಯರ ಹಾಗೆ. ಸಸ್ಯಶಾಸ್ತ್ರದ ಪಂಡಿತರಿಗೂ ಇದು ಬಗೆಹರಿಯಲಿಲ್ಲ. ಅಮೆರಿಕದ ಸ್ವಿಂಗಲ್ ಈ ಕುಲದಲ್ಲಿ 16 ಪ್ರಭೇದ ಎಂದರು. ಜಪಾನಿನ ತನಾಕಾ 162 ಎಂದರು. ಇಷ್ಟು ದೊಡ್ಡ ಅಂತರ!

ಡಿಎನ್ಎ ನೋಡಿದ ಮೇಲೆ ಕಾರಣ ತಿಳಿಯಿತು. ನಾವು ಬೇರೆ ಬೇರೆ ಜಾತಿ ಅಂದುಕೊಂಡ ಬಹುಪಾಲು ಹಣ್ಣುಗಳು ಬೆರಕೆಗಳು. ಕಿತ್ತಳೆ, ಚಕ್ಕೋತ, ದಪ್ಪ ಸಿಪ್ಪೆಯ ಮಾದಳ ಮೂಲದವರು. ಮೋಸಂಬಿ ಚಕ್ಕೋತ ಮತ್ತು ಕಿತ್ತಳೆಯ ಬೆರಕೆ. ಜಂಬೇರಿ ಕಿತ್ತಳೆ ಮತ್ತು ಮಾದಳದ್ದು. ಜಿಐ ಟ್ಯಾಗ್ ಪಡೆದ ನಮ್ಮ ಇಂಡಿಯ ಕಾಗದಿ ನಿಂಬೆಗೆ ಅಪ್ಪ ಮಾದಳ, ತಾಯಿ ಫಿಲಿಪ್ಪೀನ್ಸಿನ ಮೈಕ್ರಾಂತಾ ಎಂಬ ಕಾಡುಗಿಡ. ಎಲೆಯ ತೊಟ್ಟು ನೋಡಿ. ಮಾದಳದ ತೊಟ್ಟಿಗೆ ರೆಕ್ಕೆಯೇ, ಅಂದರೆ ಎರಡೂ ಬದಿ ಎಲೆಯಂತೆ ಹರಡಿದ ಅಂಚೇ, ಇಲ್ಲ. ಮೈಕ್ರಾಂತಾಗೆ ಅಗಲವಾದ ರೆಕ್ಕೆ. ಮಗಳಾದ ನಿಂಬೆಗೆ ಸಣ್ಣ, ಕಿರಿದಾದ ರೆಕ್ಕೆ. ಎಷ್ಟು ಚೆಂದ ಅಲ್ವಾ!

ಬೆರಕೆಯಾದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿ ಒಂದೊಂದು ಗಿಡ ಒಂದೊಂದು ತರಹ ಆಗಬೇಕಿತ್ತು. ಹಾಗಾಗಲಿಲ್ಲ, ಬೀಜದಲ್ಲಿ ಒಂದು ಗುಟ್ಟಿದೆ. ನಿಂಬೆ ಬೀಜ ಬಿತ್ತಿದರೆ ಒಂದರಿಂದ ಎರಡು, ಮೂರು ಮೊಳಕೆ ಬರುತ್ತವೆ. ಹೆಚ್ಚಿನವು ಪರಾಗದ ಫಲ ಅಲ್ಲ. ಬೀಜದೊಳಗಿನ ತಾಯಿಯ ಅಂಗಾಂಶವೇ ಭ್ರೂಣವಾಗಿ ಬೆಳೆದದ್ದು. ಕಬ್ಬಿನ ತುಂಡು ನೆಟ್ಟರೆ ಅದೇ ಕಬ್ಬು ಬರುವ ಹಾಗೆ. ಬಾಳೆಯ ಬುಡದಲ್ಲಿ ಮರಿ ಏಳುವ ಹಾಗೆ. ನಿನ್ನೆಯ ಮೊಸರನ್ನೇ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಎಂದೋ ಒಮ್ಮೆ ಆದ ಬೆರಕೆ ಹೀಗೆ ಬೀಜದಿಂದ ಬೀಜಕ್ಕೆ ನಕಲಾಗುತ್ತಾ ಬಂತು. ಒಂದೇ ತರಹದ ಸಾವಿರ ಗಿಡ ಕಂಡವರು ಅದಕ್ಕೆ ಹೊಸ ಜಾತಿಯ ಹೆಸರು ಕೊಟ್ಟರು. ವಿಚಿತ್ರ ಅಂದರೆ, ಮಾದಳಕ್ಕೂ ಚಕ್ಕೋತಕ್ಕೂ ಈ ವಿದ್ಯೆ ಗೊತ್ತಿಲ್ಲ. ಅವುಗಳ ಬೀಜದಲ್ಲಿ ಒಂದೇ ಭ್ರೂಣ.

ಹೆಸರು ಕಲಸಿದರೆ ಜೀವಕ್ಕೂ ಕುತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ ಮತ್ತು ದೊಡ್ಡ ಹಳದಿ ನಿಂಬೆ ಕೊಟ್ಟು ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆ ವಾಸಿ ಮಾಡಿದ. 1860ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಹಳದಿ ನಿಂಬೆ ಬಿಟ್ಟು ವೆಸ್ಟ್ ಇಂಡೀಸಿನ ಸಣ್ಣ ನಿಂಬೆಯ ರಸಕ್ಕೆ ಬಂತು. ಹುಳಿ ಎರಡರಲ್ಲೂ ಇದೆ, ಎರಡೂ ಒಂದೇ ಅಂದುಕೊಂಡರು. ಆದರೆ ಸಣ್ಣ ನಿಂಬೆಯಲ್ಲಿ ವಿಟಮಿನ್ ಸಿ ಕಡಿಮೆ. ತಾಮ್ರದ ಕೊಳವೆಯಲ್ಲಿ ಹರಿದ ರಸದಲ್ಲಿ ಉಳಿದದ್ದು ಇನ್ನೂ ಕಡಿಮೆ. 1875ರ ಆರ್ಕ್ಟಿಕ್ ಯಾತ್ರೆಯಲ್ಲಿ ಸ್ಕರ್ವಿ ಮತ್ತೆ ಬಂತು.

ಇನ್ನು ನನ್ನ ಜಂಬೇರಿ. ಕಡಿದು ಹಾಕೋಣ ಅಂದೆ. "ಬ್ಯಾಡ, ಬೀಜ ಕೊಡು, ಸಸಿ ಮಾಡೂಣು" ಅಂದರು ಕಾಕಾ. ಬುಡದ ಗಿಡಕ್ಕೆ ಜಂಬೇರಿಯನ್ನೇ ಜಾಸ್ತಿ ಬಳಸಲು ಒಂದು ಕಾರಣ ಇದೇ. ಅದೂ ತನ್ನನ್ನೇ ನಕಲು ಮಾಡುವ ಗಿಡ, ಬಿತ್ತಿದ ಸಸಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮ ಬರುತ್ತವೆ. ಇಪ್ಪತ್ತು ಬೀಜ ಬಿತ್ತಿದೆವು. ಮೊದಲ ಕುಂಡದಲ್ಲಿ ಒಂದೇ ಬೀಜದಿಂದ ಮೂರು ಮೊಳಕೆ ಎದ್ದಿವೆ.