ಪೂರ್ತಿ ತೆಗೆದ್ಬಿಡಿ ಅನ್ನೋಕೆ ಮುಂಚೆ

ಶ್ರೀನಿವಾಸಪುರದ ಕಡೆ ಹೆಣ್ಮಗಳು, 34 ವರ್ಷ, ಸ್ತನ ಕ್ಯಾನ್ಸರ್. ಬಯಾಪ್ಸಿ ರಿಪೋರ್ಟ್ ಟೇಬಲ್ ಮೇಲಿಟ್ಟು ಕೂತ್ಕೊಳೋಕೂ ಮುಂಚೆನೇ, "ಮೇಡಂ, ಪೂರ್ತಿ ತೆಗೆದ್ಬಿಡಿ, ನನ್ ಮಗು ಜೊತೆ ಇದ್ರೆ ಸಾಕು ನಂಗೆ" ಅಂದ್ಲು. ಕೋಲಾರದಲ್ಲಿ ನನ್ನ ಹತ್ರ ಬರೋ ಚಿಕ್ಕ ವಯಸ್ಸಿನ ಹೆಣ್ಮಕ್ಕಳಲ್ಲಿ ತುಂಬ ಜನ ಹೀಗೇ ಅಂತಾರೆ, ಭಯ ಅರ್ಥ ಆಗುತ್ತೆ, ಆದ್ರೆ ಶುರುವಿನ ಸ್ಟೇಜಲ್ಲಿ ಗಂಟು ಮಾತ್ರ ತೆಗೆದು ಆಮೇಲೆ ಕರೆಂಟ್ (ರೇಡಿಯೇಷನ್) ಕೊಟ್ರೂ ಬದುಕೋ ಅವಕಾಶ ಸ್ತನ ಪೂರ್ತಿ ತೆಗೆದಾಗ ಇರೋವಷ್ಟೇ ಇರುತ್ತೆ. ಅಮೆರಿಕ, ಇಟಲಿ ಎರಡೂ ಕಡೆ ಹೀಗೆ ಆಪರೇಷನ್ ಆದವರನ್ನ 20 ವರ್ಷ ನೋಡಿ 2002ರಲ್ಲೇ ಹೇಳಿದಾರೆ ಇದನ್ನ.

ಗಂಟು ಎರಡ್ಮೂರು ಕಡೆ ಇದ್ರೆ, ಇಲ್ಲಾ ಬಿಆರ್‌ಸಿಎ ಜೀನಲ್ಲಿ ತೊಂದ್ರೆ (ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ ಮಾಡೋ, ಹುಟ್ಟಿನಿಂದ್ಲೇ ಬರೋ ದೋಷ) ಇದ್ರೆ ಪೂರ್ತಿ ತೆಗೆಯೋದೇ ಒಳ್ಳೇದಾಗ್ಬೋದು. ದಿನಾ ಬೆಂಗಳೂರಿಗೆ ಹೋಗಿ ಬರೋಕಾಗಲ್ಲ, ಕರೆಂಟ್ ಬೇಡ್ವೇ ಬೇಡ ಅಂತ ಪೂರ್ತಿ ತೆಗೆಸ್ಕೊಳೋರೂ ಇದಾರೆ, ಆದ್ರೆ ಕಂಕುಳ ಗಂಟಿಗೂ ಹರಡಿದ್ರೆ ಪೂರ್ತಿ ತೆಗೆದ್ಮೇಲೂ ಕರೆಂಟ್ ಬೇಕಾಗ್ಬೋದು, ಇದನ್ನ ಮೊದ್ಲೇ ಕೇಳ್ಕೊಳಿ.

ಅದಕ್ಕಿಂತ ಮುಂಚೆ ನೋಡ್ಬೇಕಾಗಿರೋದು ಇಆರ್, ಪಿಆರ್, ಹರ್-2 ರಿಪೋರ್ಟ್, ಅಂದ್ರೆ ಗಂಟು ಹಾರ್ಮೋನಿಂದ ಬೆಳೀತಿದ್ಯಾ, ಹರ್-2 ಅನ್ನೋ ಪ್ರೋಟೀನ್ ಅದ್ರಲ್ಲಿ ಜಾಸ್ತಿ ಇದ್ಯಾ ಅಂತ ಹೇಳೋ ಪರೀಕ್ಷೆ. ಮೊದ್ಲು ಆಪರೇಷನ್ನಾ ಕೀಮೋನಾ, ಮಾತ್ರೆ ಬೇಕಾ, ಇಂಜೆಕ್ಷನ್ ಬೇಕಾ ಎಲ್ಲಾ ಅದ್ರ ಮೇಲೇ ನಿಂತಿರುತ್ತೆ. ಕೀಮೋ ಮೊದ್ಲು ಕೊಟ್ರೆ ಎಷ್ಟೋ ಸಲ ಗಂಟು ಕುಗ್ಗಿ ಚಿಕ್ಕ ಆಪರೇಷನ್ನಲ್ಲೇ ಮುಗಿಯುತ್ತೆ.

ಇನ್ನೊಂದು ಮಾತು ಮನೆಯವರ ಮುಂದೆ ಯಾರೂ ಎತ್ತಲ್ಲ. ಇನ್ನೊಂದು ಮಗು ಬೇಕಾ? ನಾನು ಗಂಡನ್ನ, ಅತ್ತೇನ ಆಚೆ ಕೂರಿಸಿ ಕೇಳಿದೆ, ಅಲ್ಲೀತಂಕ ಗಟ್ಟಿಯಾಗಿದ್ದೋಳು ಅತ್ತುಬಿಟ್ಲು. ಕೀಮೋಯಿಂದ ಅಂಡಾಶಯಕ್ಕೆ ಪೆಟ್ಟು ಬೀಳ್ಬೋದು, ಅಂಡಾಣು ತೆಗೆದು ಫ್ರೀಜ್ ಮಾಡ್ಸೋದಾದ್ರೆ ಕೀಮೋಗೆ ಮುಂಚೆನೇ ಆಗ್ಬೇಕು, ಸುಮಾರು ಎರಡು ವಾರ ಹಿಡಿಯುತ್ತೆ. ಹಾರ್ಮೋನ್ ತಡೆಯೋ ಮಾತ್ರೆ ಟ್ಯಾಮಾಕ್ಸಿಫೆನ್ ಶುರುವಾದ್ರೆ ಕಮ್ಮಿ ಅಂದ್ರೂ 5 ವರ್ಷ, ಅದನ್ನ ತಗೊಳೋವಾಗ ಬಸುರಾಗೋ ಹಾಗಿಲ್ಲ. ಇಷ್ಟೆಲ್ಲಾ ಇರೋವಾಗ ನಾಳೇನೇ ಆಪರೇಷನ್ ಅಂತ ಯಾಕೆ ಓಡ್ಬೇಕು, ಒಂದೆರಡು ವಾರ ಯೋಚಿಸೋಕೆ ಸಾಮಾನ್ಯವಾಗಿ ಟೈಮ್ ಇರುತ್ತೆ, ತಿಂಗಳುಗಟ್ಲೆ ಮಾತ್ರ ಬಿಡ್ಬೇಡಿ.

ಇನ್ನು ಊಟ. ಅತ್ತೆ ಪಾಪ ಪ್ರೀತಿಯಿಂದ್ಲೇ ಹಾಲು, ಮೊಟ್ಟೆ, ಸಕ್ಕರೆ ಎಲ್ಲಾ ನಿಲ್ಸಿ ಲಕ್ಷ್ಮಣಫಲದ ಎಲೆ ಕಷಾಯ ಕುಡಿಸ್ತಿದ್ರು, ಹುಡುಗಿ ಸೊರಗಿ ಹೋಗಿದ್ಲು. ಪಥ್ಯದಿಂದ ಗಂಟು ಕರಗಲ್ಲ ಕಣಮ್ಮಾ. ಸಕ್ಕರೆ ಬಿಟ್ರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತೆ ಅನ್ನೋದೂ ನಿಜ ಅಲ್ಲ. ಕೀಮೋ ತಡ್ಕೊಳೋಕೆ ಮೈಯಲ್ಲಿ ಕಸುವು ಬೇಕು, ಕಷಾಯಗಳಲ್ಲಿ ಕೆಲವು ಲಿವರ್ ಕೆಡಿಸಿ ಕೀಮೋನೇ ಮುಂದಕ್ಕೆ ಹಾಕೋ ಹಾಗೆ ಮಾಡ್ತವೆ. ಮುದ್ದೆ, ಬಸ್ಸಾರು, ಅವರೆಕಾಳು, ಹುರುಳಿ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಹಾಲು ಎಲ್ಲಾ ಕೊಡಿ. ಅಂಡಾಶಯದ ಕೆಲಸ ನಿಲ್ಸೋ ಇಂಜೆಕ್ಷನ್ ತಗೊಳೋರಿಗೆ ಮೂಳೆ ಸವೆಯುತ್ತೆ, 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಸಿ ಸಲಾಡ್, ಆಚೆ ಕುಯ್ದಿಟ್ಟ ಹಣ್ಣು, ಬೀದಿ ಜ್ಯೂಸ್ ಮಾತ್ರ ಕೀಮೋ ಮುಗಿಯೋವರೆಗೂ ಬೇಡ.

ಈಗ ಅವಳಿಗೆ ಮೂರನೇ ಕೀಮೋ ಆಗಿದೆ, ಗಂಟು ಕೈಗೆ ಸಿಗೋದು ಕಮ್ಮಿಯಾಗಿದೆ. ಯಾವ ಆಪರೇಷನ್ ಅಂತ ಇನ್ನೂ ತೀರ್ಮಾನ ಆಗಿಲ್ಲ. ಹೋದ್ಸಲ ಬಂದಾಗ ಪ್ರಶ್ನೆಗಳನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದಿದ್ಲು.