ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಮೂತ್ರ ಪರೀಕ್ಷೆ ಮಾಡಿಸಿ

ಶುಗರ್ ಇರುವವರು ಬಂದ ಕೂಡಲೇ ರಕ್ತದ ರಿಪೋರ್ಟ್ ಮುಂದಿಡುತ್ತಾರೆ. "ಕ್ರಿಯಾಟಿನಿನ್ 0.9 ಇದೆ ಡಾಕ್ಟ್ರೇ, ಕಿಡ್ನಿ ಚೆನ್ನಾಗಿದೆ ಅಲ್ವಾ?" ಆ ಒಂದೇ ಅಂಕಿ ನೋಡಿ ಹೂಂ ಅನ್ನಲು ನನಗೆ ಧೈರ್ಯ ಬರುವುದಿಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಒಂದು ತ್ಯಾಜ್ಯ. ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಎಷ್ಟೋ ಜನರಲ್ಲಿ ಅದರ ಅಂಕಿ ನಾರ್ಮಲ್ ಆಗಿಯೇ ಇರುತ್ತದೆ. ಮೂತ್ರದಲ್ಲಿ ಸುಳಿವು ಅದಕ್ಕೆ ವರ್ಷಗಟ್ಟಲೆ ಮೊದಲೇ ಸಿಗಬಹುದು.

ಆ ಟೆಸ್ಟಿನ ಹೆಸರು ಯೂರಿನ್ ಎಸಿಆರ್, ಅಂದರೆ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಇದೆ ಅನ್ನುವ ಲೆಕ್ಕ. ಆಲ್ಬುಮಿನ್ ರಕ್ತದಲ್ಲಿರುವ ಪ್ರೋಟೀನ್. ಕಿಡ್ನಿಯ ಸೋಸುವ ಪೊರೆ ಸರಿಯಿದ್ದರೆ ಮೂತ್ರಕ್ಕೆ ಬರುವುದು ತೀರಾ ಸ್ವಲ್ಪ. ಮಾಮೂಲಿ ಪಟ್ಟಿ ಅದ್ದಿ ನೋಡುವ ಟೆಸ್ಟಿನಲ್ಲಿ 'ನಿಲ್' ಬಂದರೆ ಸಾಲದು, ಸಣ್ಣ ಸೋರಿಕೆ ಅದಕ್ಕೆ ಸಿಗುವುದಿಲ್ಲ.

ಮೂತ್ರದಲ್ಲೂ ಕ್ರಿಯಾಟಿನಿನ್ ಯಾಕೆ ಅಳೆಯಬೇಕು? ಸ್ನಾಯುಗಳಿಂದ ಬರುವ ಈ ತ್ಯಾಜ್ಯ ದಿನಾ ಹೆಚ್ಚೂಕಡಿಮೆ ಒಂದೇ ಪ್ರಮಾಣದಲ್ಲಿ ಹೊರಹೋಗುತ್ತದೆ. ಜಾಸ್ತಿ ನೀರು ಕುಡಿದು ಬಂದವರ ಮೂತ್ರದಲ್ಲಿ ಲೀಟರಿಗೆ 40 ಮಿಲಿಗ್ರಾಂ ಆಲ್ಬುಮಿನ್, 0.4 ಗ್ರಾಂ ಕ್ರಿಯಾಟಿನಿನ್ ಇದೆ ಅನ್ನಿ. ಅವರೇ ಬೆಳಗ್ಗೆ ಎದ್ದು ಕೊಟ್ಟ ಗಾಢ ಮೂತ್ರದಲ್ಲಿ 120 ಮತ್ತು 1.2. ಭಾಗಿಸಿದರೆ ಎರಡು ಸಲವೂ 100. ನೀರಿನ ಲೆಕ್ಕ ಕಳೆದುಹೋಯಿತು. ಈ ಅಂಕಿ 30ರ ಒಳಗಿದ್ದರೆ ಒಳ್ಳೆಯದು. 30ರಿಂದ 300ರವರೆಗೆ ಸೋರಿಕೆ ಶುರುವಾಗಿದೆ ಅಂತ. 300 ದಾಟಿದರೆ ಕಿಡ್ನಿ ತಜ್ಞರನ್ನು ನೋಡಲೇಬೇಕು.

ಒಂದು ವಿಷಯವನ್ನು ನಾವು ವೈದ್ಯರು ಸಾಕಷ್ಟು ಹೇಳುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಈ ಅಂಕಿ ಹೃದಯದ ಬಗ್ಗೆಯೂ ಮಾತಾಡುತ್ತದೆ. ಕಿಡ್ನಿಯ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟಿದ್ದರೆ ಮೈಯ ಉಳಿದ ರಕ್ತನಾಳಗಳಲ್ಲೂ ಅದೇ ನಡೆಯುತ್ತಿರಬಹುದು. ಕಿಡ್ನಿ ಸೋಸುವ ವೇಗ ಚೆನ್ನಾಗಿದ್ದು ಎಸಿಆರ್ ಮಾತ್ರ ಏರಿದ್ದರೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಒಂದೇ ಸಲ ಜಾಸ್ತಿ ಬಂತು ಅಂತ ಗಾಬರಿ ಬೇಡ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಜೋರು ವ್ಯಾಯಾಮ, ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲ ಹೆಚ್ಚಿದ್ದರೆ ನಿಜ ಅಂತ ತಿಳಿಯುತ್ತೇವೆ. ಟೈಪ್ 2 ಶುಗರ್ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಈ ಟೆಸ್ಟ್ ಬೇಕು.

ಸೋರಿಕೆ ತಗ್ಗಿಸುವ ಮಾತ್ರೆಗಳಿವೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಹಳೆಯವು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈಚಿನವು, ಪೇಟೆಂಟ್ ಮುಗಿದು ಬೆಲೆಯೂ ಇಳಿದಿದೆ. ಬಿಪಿ ನಾರ್ಮಲ್ ಆಯ್ತಲ್ಲ ಅಂತ ಎಷ್ಟೋ ಜನ ಟೆಲ್ಮಿಸಾರ್ಟನ್ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಸಿಆರ್ ಏರಿದವರಿಗೆ ಅದನ್ನು ಕೊಟ್ಟಿರುವುದು ಕಿಡ್ನಿಗಾಗಿಯೂ ಹೌದು.