ಪದ ಪರಿಚಯ: ಕಾರಿನ ಫ್ಯೂಸ್

ಬಟನ್ ಒತ್ತಿದರೂ ಸೈಡ್ ಮಿರರ್ ಅಲುಗಾಡುತ್ತಿಲ್ಲ ಅಂತ ಬಳ್ಳಾರಿಯಲ್ಲಿ ಯಾರಿಗೆ ಹೇಳಿದರೂ ಮೊದಲು ಬರುವ ಮಾತು ಒಂದೇ: "ಫ್ಯೂಸ್ ಹೋಗೈತಿ, ನೋಡ್ರಿ." ಆ ಮಾತು ಅರ್ಧ ಸಲ ಸರಿ, ಅರ್ಧ ಸಲ ತಪ್ಪು.

ಫ್ಯೂಸ್ ಎಂದರೆ ಬೇಕಂತಲೇ ಬಡಕಲಾಗಿ ಮಾಡಿಟ್ಟ ಒಂದು ಲೋಹದ ಎಳೆ. ಕಾರಿನಲ್ಲಿ ಅದು ಬೆರಳಿನ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ತುಂಡಿನೊಳಗೆ ಕೂತಿರುತ್ತದೆ. ಎರಡು ಚಪ್ಪಟೆ ಕಾಲು, ನಡುವೆ ಬಾಗಿದ ಎಳೆ. ಮಿತಿ ಮೀರಿ ಕರೆಂಟ್ ಹರಿದರೆ ಎಳೆ ಕಾದು ಕರಗುತ್ತದೆ, ಲೈನ್ ಬಂದ್ ಆಗುತ್ತದೆ. ಕಿತ್ತು ಬೆಳಕಿಗೆ ಹಿಡಿದರೆ ಎಳೆ ತುಂಡಾಗಿರುವುದು ಕಾಣುತ್ತದೆ.

ಮಿರರ್‌ನ ಮೋಟರ್ ಉಳಿಸಲು ಫ್ಯೂಸ್ ಇದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಸಲಿಗೆ ಅದು ಕಾಯುವುದು ವೈರನ್ನು. ವೈರ್ ಎಷ್ಟು ದಪ್ಪ ಇದೆ ಅಂತ ನೋಡಿಯೇ ಫ್ಯೂಸ್ ಎಷ್ಟು ಆಂಪಿಯರ್ (ಕರೆಂಟಿನ ಅಳತೆ) ಇರಬೇಕು ಅಂತ ಕಂಪನಿ ನಿರ್ಧರಿಸುತ್ತದೆ. ಬಣ್ಣದಲ್ಲೇ ಗುರುತು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಇರುವ ಕಡೆ ಹಸಿರು ಹಾಕಿದರೂ ಮಿರರ್ ತಿರುಗುತ್ತದೆ, ಮಾಲೀಕ ಖುಷಿಯಾಗಿ ಮನೆಗೆ ಹೋಗುತ್ತಾನೆ. ಮುಂದಿನ ಸಲ ಶಾರ್ಟ್ ಆದಾಗ ಕರಗುವುದು ಎಳೆಯಲ್ಲ, ಬಾಗಿಲೊಳಗಿನ ವೈರು. ಹಾರಿದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಗಾಡಿ ಓಡಿಸುವವರಿಗೂ ಇದೇ ಮಾತು.

ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಒಂದು ಬಾನೆಟ್ ಕೆಳಗೆ ಬ್ಯಾಟರಿ ಹತ್ತಿರ, ಇನ್ನೊಂದು ಡ್ಯಾಶ್‌ಬೋರ್ಡ್ ಕೆಳಗೆ. ಯಾವ ಫ್ಯೂಸ್ ಯಾವುದಕ್ಕೆ ಅನ್ನೋದು ಮುಚ್ಚಳದ ಮೇಲೋ ಮ್ಯಾನ್ಯುವಲ್‌ನಲ್ಲೋ ಸಿಗುತ್ತದೆ. ಎಷ್ಟೋ ಗಾಡಿಗಳಲ್ಲಿ ಮಿರರ್‌ಗೂ ಮೊಬೈಲ್ ಚಾರ್ಜರ್ ಸಾಕೆಟ್‌ಗೂ ಒಂದೇ ಫ್ಯೂಸ್. ಸಾಕೆಟ್‌ನೊಳಗೆ ಒಂದು ನಾಣ್ಯ ಬಿದ್ದರೆ ಸಾಕು, ಮಿರರ್ ನಿಲ್ಲುತ್ತದೆ! ಹಾಗಾಗಿ ಮಿರರ್ ಕೈಕೊಟ್ಟಾಗ ಚಾರ್ಜರ್ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಿ.

ಫ್ಯೂಸ್ ಕೀಳದೆಯೂ ಟೆಸ್ಟ್ ಲ್ಯಾಂಪಿನಿಂದ, ಅಂದರೆ ಕರೆಂಟ್ ಇದ್ದರೆ ಉರಿಯುವ ಪುಟ್ಟ ಬಲ್ಬಿನಿಂದ, ನೋಡಬಹುದು. ಕೀ ಆನ್ ಮಾಡಿ ಅದರ ಕ್ಲಿಪ್ಪನ್ನು ಬಾಡಿ ಅರ್ತ್‌ಗೆ (ಗಾಡಿ ಬಾಡಿಯ ಬಣ್ಣವಿಲ್ಲದ ಲೋಹಕ್ಕೆ) ಸಿಕ್ಕಿಸಿ. ಫ್ಯೂಸಿನ ತಲೆಯಲ್ಲಿ ಲೋಹ ಕಾಣುವ ಎರಡು ಚುಕ್ಕೆಗಳಿವೆ, ಲ್ಯಾಂಪಿನ ಮೊನೆಯನ್ನು ಒಂದಾದ ಮೇಲೊಂದಕ್ಕೆ ಮುಟ್ಟಿಸಿ. ಎರಡೂ ಕಡೆ ಬಲ್ಬ್ ಉರಿದರೆ ಫ್ಯೂಸ್ ಚೆನ್ನಾಗಿದೆ. ಒಂದೇ ಕಡೆ ಉರಿದರೆ ಅದು ಹಾರಿದೆ. ಎರಡೂ ಕಡೆ ಇಲ್ಲ ಅಂದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ.

ಒಂದೇ ಬದಿಯ ಮಿರರ್ ಕೆಟ್ಟಿದ್ದರೆ ಫ್ಯೂಸನ್ನು ಸುಮ್ನೆ ಬೈಯಬೇಡಿ. ಹೆಚ್ಚಿನ ಗಾಡಿಗಳಲ್ಲಿ ಎರಡಕ್ಕೂ ಫ್ಯೂಸ್ ಒಂದೇ. ಎರಡೂ ನಿಂತಿದ್ದರೆ ಎಡ-ಬಲ ಆರಿಸುವ ಗುಂಡಿ ನಡುವೆ ನಿಂತಿದೆಯಾ ಅಂತ ಮೊದಲು ನೋಡಿ. ನಡುವೆ ಇದ್ದರೆ ಯಾವ ಮಿರರೂ ಅಲ್ಲಾಡಲ್ಲ. ಇದಕ್ಕೇ ಗ್ಯಾರೇಜಿಗೆ ಬರೋರೂ ಇದ್ದಾರೆ.

ನಮ್ಮ ಕಡೆ ಇನ್ನೊಂದು ಕಾಟ ಇದೆ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಮಿರರ್ ಮಡಚುವ ಸಂದಿನಲ್ಲಿ ಕೂತು ಗಟ್ಟಿಯಾಗುತ್ತದೆ. ತಿಣುಕುವ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಧೂಳನ್ನು ಬ್ರಷ್ಷಿನಿಂದ ತೆಗೆದು ಸಂದನ್ನು ತೊಳೆಯಿರಿ.

ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಎಲ್ಲೋ ಶಾರ್ಟ್ ಇದೆ. ಮತ್ತೊಂದು ಹಾಕುವ ಮುಂಚೆ ಬಾಗಿಲು ತೆರೆದು, ಹಿಂಜಿನ (ಬಾಗಿಲ ಕೀಲಿನ) ಹತ್ತಿರ ಇರುವ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚಿ ವೈರ್ ಸವೆಯುವುದು ಅಲ್ಲೇ.